ಟಿ.ವಿ.ಗಾಗಿ ಅರ್ಧ ಗಂಟೆಯ ಸಾಕ್ಷ್ಯಚಿತ್ರ ಕಟ್ಟುವ ಬಗೆ: ಮಂಡ್ಯದ ಒಂದು ಆಲೆಮನೆಯನ್ನು ಮುಂದಿಟ್ಟುಕೊಂಡು

ಸಿನಿಮಾ ಮಂದಿರದಲ್ಲಿ ಕುಳಿತವರು ದುಡ್ಡು ಕೊಟ್ಟು ಬಂದಿರುತ್ತಾರೆ, ಕತ್ತಲೆಯಲ್ಲಿರುತ್ತಾರೆ, ನಡುವೆ ಎದ್ದುಹೋಗಲು ಸಂಕೋಚಪಡುತ್ತಾರೆ. ಟಿ.ವಿ. ಮುಂದೆ ಕುಳಿತವರಿಗೆ ಇಂಥ ಕಟ್ಟುಪಾಡು ಯಾವುದೂ ಇಲ್ಲ. ಕೈಯಲ್ಲಿ ರಿಮೋಟ್ ಇರುತ್ತದೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಹೋಂವರ್ಕ್ ಹಿಡಿದ ಮಗು ಪಕ್ಕದಲ್ಲಿ ಬಂದು ನಿಂತಿರುತ್ತದೆ. 1948ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ತಯಾರಿಸುತ್ತಿದ್ದ ಸಾಕ್ಷ್ಯಚಿತ್ರಗಳನ್ನು ಟಾಕೀಸುಗಳಲ್ಲಿ ಮುಖ್ಯ ಸಿನಿಮಾಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದರು. ಪ್ರೇಕ್ಷಕರು ಹೇಗಿದ್ದರೂ ಕುಳಿತೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ಅಂಥ ಚಿತ್ರಗಳು ನಿಧಾನವಾಗಿ ಪೀಠಿಕೆ ಹಾಕಿಕೊಂಡು, ವಿಷಯವನ್ನು ಬುಡದಿಂದ ತುದಿಯವರೆಗೆ ಒಂದೇ ಹದದಲ್ಲಿ ಹೇಳಿ ಮುಗಿಸಬಹುದಾಗಿತ್ತು. ಆ ಹದವನ್ನೇ ಟಿ.ವಿ.ಗೆ ತಂದರೆ ಮೂರನೆಯ ನಿಮಿಷಕ್ಕೆ ಚಾನೆಲ್ ಬದಲಾಗುತ್ತದೆ.

ಇನ್ನೊಂದು ಕಷ್ಟವೂ ಇದೆ. ಬಿಟ್ಟುಹೋಗುವವರು ಇರುವಂತೆಯೇ ನಡುವೆ ಬಂದು ಸೇರಿಕೊಳ್ಳುವವರೂ ಇರುತ್ತಾರೆ, ಮತ್ತು ಹತ್ತನೆಯ ನಿಮಿಷದಲ್ಲಿ ಬಂದವರಿಗೂ ಇದು ಏನು, ಯಾರ ಕಥೆ, ಈಗ ಏನು ನಡೆಯುತ್ತಿದೆ ಎಂಬುದು ಅರ್ಧ ನಿಮಿಷದೊಳಗೆ ತಿಳಿಯುವಂತಿರಬೇಕು. ಟಿ.ವಿ. ಸಾಕ್ಷ್ಯಚಿತ್ರದ ರಚನೆಯ ಬಹುಪಾಲು ನಿಯಮಗಳು ಈ ಎರಡು ಕಷ್ಟಗಳಿಂದಲೇ ಹುಟ್ಟಿದವು. ಮೈಸೂರಿನಲ್ಲಿ ಕುಳಿತು ಹಲವು ವರ್ಷ ಸಂಕಲನ ಮಾಡಿದ, ಅಷ್ಟಿಷ್ಟು ಚಿತ್ರೀಕರಣವನ್ನೂ ಮಾಡಿಸಿದ ಅನುಭವದಿಂದ, ಮಂಡ್ಯದ ಬಳಿಯ ಒಂದು ಆಲೆಮನೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ನಿಯಮಗಳನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಪ್ರಶ್ನೆ, ಆಮೇಲೆ ಕ್ಯಾಮೆರಾ

"ಆಲೆಮನೆಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡುತ್ತೇನೆ" ಎಂದು ಹೊರಡುವವರ ಕೈಯಲ್ಲಿ ವಿಷಯ ಇರುತ್ತದೆ, ಚಿತ್ರ ಇನ್ನೂ ಇರುವುದಿಲ್ಲ. ಕಬ್ಬು ಬರುತ್ತದೆ, ಗಾಣಕ್ಕೆ ಹೋಗುತ್ತದೆ, ರಸ ಕೊಪ್ಪರಿಗೆಗೆ ಇಳಿಯುತ್ತದೆ, ಕುದಿಯುತ್ತದೆ, ಅಚ್ಚಿಗೆ ಹೋಗುತ್ತದೆ, ಬೆಲ್ಲವಾಗುತ್ತದೆ. ಈ ಕ್ರಮ ಸಿದ್ಧವಾಗಿಯೇ ಸಿಗುವುದರಿಂದ ಹೊಸಬರು ಅದನ್ನೇ ಚಿತ್ರದ ರಚನೆಯೆಂದು ನಂಬಿಬಿಡುತ್ತಾರೆ. ನಾನೂ ನಂಬಿದ್ದೆ. ನನ್ನ ಮೊದಲ ಚಿತ್ರದಲ್ಲಿ ನಾಲ್ಕು ದಿನ ಕೆಲಸದ ಕ್ರಮದಲ್ಲೇ ಚಿತ್ರೀಕರಿಸಿ ಅದೇ ಕ್ರಮದಲ್ಲಿ ಜೋಡಿಸಿದ್ದೆ, ನೋಡಿದ ಹಿರಿಯ ಸಂಕಲನಕಾರರೊಬ್ಬರು, "ಬೆಲ್ಲ ಆಗುತ್ತದೆಂದು ನನಗೆ ಮೊದಲೇ ಗೊತ್ತಲ್ಲಪ್ಪ, ಇಪ್ಪತ್ತು ನಿಮಿಷ ಯಾಕೆ ಕೂರಬೇಕು?" ಎಂದು ಕೇಳಿದರು. ಪ್ರಕ್ರಿಯೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಅದು ಯಾರನ್ನೂ ಹಿಡಿದಿಡಲಾರದು ಎಂಬುದು ನನಗೆ ಅರ್ಥವಾದದ್ದು ಆಗ.

ಆದ್ದರಿಂದ ಮೊದಲು ವಿಷಯವನ್ನು ಒಂದು ಪ್ರಶ್ನೆಯಾಗಿ ಬರೆಯಿರಿ. ಉತ್ತರ ನಿಮಗೇ ಖಚಿತವಾಗಿ ಗೊತ್ತಿರದ, ಚಿತ್ರೀಕರಣದ ಅವಧಿಯಲ್ಲಿ ಏನಾದರೊಂದು ತೀರ್ಮಾನವಾಗಬಹುದಾದ ಪ್ರಶ್ನೆಯಾದರೆ ಇನ್ನೂ ಒಳ್ಳೆಯದು. "ಆಲೆಮನೆಯಲ್ಲಿ ಬೆಲ್ಲ ಹೇಗೆ ತಯಾರಾಗುತ್ತದೆ?" ಎಂಬುದು ಪಠ್ಯಪುಸ್ತಕದ ಪ್ರಶ್ನೆ. "ಪಾಕ ನೋಡುವ ಈ ಹಿರಿಯರ ಕೈಹದವನ್ನು ಮಗ ಕಲಿತಾನೇ, ಈ ಒಲೆ ಮುಂದಿನ ವರ್ಷವೂ ಹೊತ್ತೀತೇ?" ಎಂಬುದು ಚಿತ್ರದ ಪ್ರಶ್ನೆ. ಎರಡನೆಯದರ ಒಳಗೆ ಮೊದಲನೆಯದು ತಾನಾಗಿಯೇ ಬಂದುಬಿಡುತ್ತದೆ, ಏಕೆಂದರೆ ಮಗ ಏನನ್ನು ಕಲಿಯಬೇಕು ಎಂದು ತೋರಿಸಬೇಕಾದರೆ ಬೆಲ್ಲದ ಇಡೀ ಕೆಲಸವನ್ನು ತೋರಿಸಲೇಬೇಕು.

ಪ್ರಶ್ನೆ ಸಿಕ್ಕ ಮೇಲೆ ಅದನ್ನು ಹೊರುವ ವ್ಯಕ್ತಿಯನ್ನು ಹುಡುಕಬೇಕು. ಅರ್ಧ ಗಂಟೆಯ ಚಿತ್ರಕ್ಕೆ ಒಬ್ಬರು ಮುಖ್ಯ ವ್ಯಕ್ತಿ, ಅವರ ಸುತ್ತ ಇಬ್ಬರು ಅಥವಾ ಮೂವರು ಸಾಕು; ಐದಕ್ಕಿಂತ ಹೆಚ್ಚು ಮುಖಗಳಾದರೆ ಟಿ.ವಿ. ನೋಡುವವರಿಗೆ ಹೆಸರೂ ಉಳಿಯುವುದಿಲ್ಲ, ಮುಖವೂ ಉಳಿಯುವುದಿಲ್ಲ. ಕ್ಯಾಮೆರಾ ಇಲ್ಲದೆ ಕನಿಷ್ಠ ಎರಡು ಸಲ ಹೋಗಿ ಬನ್ನಿ. ಮೊದಲ ಸಲ ಬರಿಗೈಯಲ್ಲಿ ಕುಳಿತು ಮಾತಾಡಿದವರೇ ಎರಡನೆಯ ಸಲ "ಬನ್ನಿ ಸ್ವಾಮಿ, ಬಿಸಿ ಬೆಲ್ಲ ತಿನ್ನಿ" ಎಂದು ಕರೆಯುತ್ತಾರೆ, ಮತ್ತು ಮನೆಯ ನಿಜವಾದ ಸಂಗತಿಗಳು ಹೊರಬರುವುದು ಆ ಬಿಸಿ ಬೆಲ್ಲದ ಜೊತೆಗೇ. ಯಾವ ಹೊತ್ತಿಗೆ ಬೆಳಕು ಎಲ್ಲಿಂದ ಬೀಳುತ್ತದೆ, ಗಾಣದ ಮೋಟಾರಿಗೆ ಕರೆಂಟು ಯಾವಾಗ ಇರುತ್ತದೆ, ಹೊಗೆ ಯಾವ ಕಡೆಗೆ ಹೋಗುತ್ತದೆ ಎಂಬುದನ್ನೆಲ್ಲ ಆಗಲೇ ಬರೆದಿಟ್ಟುಕೊಳ್ಳಿ.

ನಿಮಿಷಗಳ ಲೆಕ್ಕ

ಟಿ.ವಿ.ಯಲ್ಲಿ ಅರ್ಧ ಗಂಟೆ ಎಂದರೆ ಮೂವತ್ತು ನಿಮಿಷವಲ್ಲ. 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ ಪ್ರಕಾರ ಗಂಟೆಗೆ ಗರಿಷ್ಠ 12 ನಿಮಿಷ ಜಾಹೀರಾತಿಗೂ ಚಾನೆಲ್ಲಿನ ಸ್ವಂತ ಪ್ರಚಾರಕ್ಕೂ ಹೋಗಬಹುದು. ಅಂದರೆ ಅರ್ಧ ಗಂಟೆಗೆ ಆರು ನಿಮಿಷ, ಉಳಿಯುವುದು 24. ಚಾನೆಲ್ಲುಗಳು ಕೇಳುವ ಅವಧಿ ಬೇರೆ ಬೇರೆಯಾಗಿದ್ದು ಸಾಮಾನ್ಯವಾಗಿ 22ರಿಂದ 26 ನಿಮಿಷದ ನಡುವೆ ಇರುತ್ತದೆ. ಎಷ್ಟು ನಿಮಿಷ, ಎಷ್ಟು ಬ್ರೇಕ್ ಎಂಬುದನ್ನು ಒಂದು ಶಾಟ್ ತೆಗೆಯುವುದಕ್ಕೂ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಇಲ್ಲಿ 24 ನಿಮಿಷ, ಎರಡು ಬ್ರೇಕ್, ಮೂರು ಭಾಗ ಎಂದು ಇಟ್ಟುಕೊಳ್ಳೋಣ.

ಶೀರ್ಷಿಕೆಗಿಂತ ಮೊದಲು ಬರುವ ಒಂದು ನಿಮಿಷ ಅಥವಾ ಒಂದೂವರೆ ನಿಮಿಷಕ್ಕೆ ಇಡೀ ಚಿತ್ರದಲ್ಲೇ ಅತಿ ಹೆಚ್ಚು ಕೆಲಸ ಹಿಡಿಯುತ್ತದೆ. ಮಂಡ್ಯ ಜಿಲ್ಲೆಯ ನಕ್ಷೆ, ಹಸಿರು ಗದ್ದೆಯ ಮೇಲೆ ಹಾರುವ ಡ್ರೋನ್, "ಸಕ್ಕರೆಯ ನಾಡು ಎಂದೇ ಖ್ಯಾತವಾದ" ಎಂದು ಶುರುವಾಗುವ ಗಂಭೀರ ದನಿ, ಇವನ್ನು ನೋಡಿ ನೋಡಿ ಜನರಿಗೆ ಸಾಕಾಗಿದೆ. ಬದಲಿಗೆ ಕೊಪ್ಪರಿಗೆಯ ಮುಂದೆಯೇ ಶುರುಮಾಡಿ. ಹೊಗೆ, ಕುದಿಯುವ ಸದ್ದು. ಉದ್ದ ಹಿಡಿಯ ಸೌಟಿನಿಂದ ಒಂದು ತೊಟ್ಟು ಪಾಕವನ್ನು ನೀರಿನ ಬಟ್ಟಲಿಗೆ ಬಿಟ್ಟು ಬೆರಳಲ್ಲಿ ಒತ್ತಿ ನೋಡುವ ಹಿರಿಯರ ಕೈ. ಪಕ್ಕದಲ್ಲಿ ನಿಂತ ಮಗ "ಆಯ್ತೇನಪ್ಪ?" ಎನ್ನುತ್ತಾನೆ. ಅಪ್ಪ ಉತ್ತರ ಕೊಡುವುದಿಲ್ಲ. ಅಲ್ಲಿಗೆ ಕತ್ತರಿಸಿ ಶೀರ್ಷಿಕೆ ಹಾಕಿ. ಪಾಕ ಬಂತೇ ಎಂಬ ಸಣ್ಣ ಪ್ರಶ್ನೆಯೂ, ಮಗನಿಗೆ ಇದು ಎಂದಾದರೂ ತಿಳಿದೀತೇ ಎಂಬ ದೊಡ್ಡ ಪ್ರಶ್ನೆಯೂ ಆ ಒಂದು ನಿಮಿಷದಲ್ಲಿ ಒಟ್ಟಿಗೇ ಬಿತ್ತನೆಯಾಗುತ್ತವೆ.

ಮೊದಲ ಭಾಗ ಸುಮಾರು ಎಂಟು ನಿಮಿಷ. ಇಲ್ಲಿ ಜಾಗ, ಜನ, ಒಂದು ದಿನದ ಕೆಲಸ ಪರಿಚಯವಾಗಬೇಕು, ಕೊನೆಗೆ ಒಂದು ಅಡಚಣೆ ಎದುರಾಗಬೇಕು: ಕೆಲಸದವರು ಬರಲಿಲ್ಲ, ಮಾರುಕಟ್ಟೆಯಲ್ಲಿ ಬೆಲೆ ಬಿದ್ದಿದೆ ಎಂಬ ಫೋನು ಬಂತು, ಮಗ ಬೆಂಗಳೂರಿನ ಕೆಲಸದ ಮಾತೆತ್ತಿದ. ಬ್ರೇಕಿಗೆ ಹೋಗುವುದು ಈ ಅಡಚಣೆಯ ಮೇಲೆ. ಅದನ್ನು ಉಬ್ಬಿಸಿ ತಮಟೆ ಬಾರಿಸಬೇಕಾಗಿಲ್ಲ, ಕ್ರೈಂ ಕಾರ್ಯಕ್ರಮಗಳಲ್ಲಿ ಬರುವ "ಮುಂದೇನಾಯಿತು ಗೊತ್ತೇ?" ಎಂಬ ದನಿ ಆಲೆಮನೆಗೆ ಒಗ್ಗುವುದಿಲ್ಲ. ಮುಗಿಯದ ಒಂದು ಮಾತು, ಉತ್ತರ ಸಿಗದ ಒಂದು ನೋಟ ಇದ್ದರೆ ಸಾಕು.

ಎರಡನೆಯ ಭಾಗ ಹಿನ್ನೆಲೆಗೆ ಮೀಸಲು, ಮತ್ತು ಅದನ್ನು ಎರಡನೆಯ ಭಾಗಕ್ಕೇ ಉಳಿಸಿಕೊಳ್ಳುವುದರಲ್ಲಿ ಜಾಣತನವಿದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ, ಅಲ್ಲಿಂದ ಹೊರಟು ಮೊದಲು ಇರ್ವಿನ್ ನಾಲೆ ಎಂದು ಕರೆಸಿಕೊಂಡ ಇಂದಿನ ವಿಶ್ವೇಶ್ವರಯ್ಯ ನಾಲೆ, ಆ ನೀರಿನಿಂದ ಒಣಭೂಮಿಗೆ ಬಂದ ಕಬ್ಬು, ಆ ಕಬ್ಬನ್ನು ನಂಬಿಕೊಂಡು 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆ, ಕಾರ್ಖಾನೆಯ ಪಕ್ಕದಲ್ಲೇ ಉಳಿದುಕೊಂಡು ಬಂದ ಆಲೆಮನೆಗಳು: ಈ ಸರಪಣಿಯನ್ನು ಮೊದಲ ಎರಡು ನಿಮಿಷದಲ್ಲಿ ಹೇಳಿದರೆ ಅದು ಇತಿಹಾಸದ ಪಾಠವಾಗುತ್ತದೆ. ಅಪ್ಪ ಮಗನ ಪರಿಚಯವಾದ ಮೇಲೆ, ಮನೆಯ ಪಕ್ಕದ ಸಣ್ಣ ಕಾಲುವೆಯಲ್ಲಿ ನೀರು ಬಂತೋ ಇಲ್ಲವೋ ಎಂದು ಅವರು ನೋಡಲು ಹೋಗುವ ದೃಶ್ಯದ ಬೆನ್ನಿಗೆ ಹೇಳಿದರೆ, ಅದೇ ಮಾಹಿತಿ ಅವರ ಬದುಕಿನ ಭಾಗವಾಗಿ ಕೇಳಿಸುತ್ತದೆ. ಹಿನ್ನೆಲೆಗೆ ಒಟ್ಟು ಮೂರು ನಿಮಿಷ ಮೀರಬೇಡಿ. ಉಳಿದ ಸಮಯದಲ್ಲಿ ಅಡಚಣೆ ಬಲಿಯುತ್ತ ಹೋಗಲಿ.

ಮೂರನೆಯ ಭಾಗ ಚಿಕ್ಕದಿರಲಿ, ಆರೇಳು ನಿಮಿಷ. ಮಗ ಅಪ್ಪನಿಲ್ಲದೆ ಒಂದು ಕೊಪ್ಪರಿಗೆ ಇಳಿಸುತ್ತಾನೆ. ಪಾಕ ಸರಿಯಿತ್ತೋ ಇಲ್ಲವೋ ಅಚ್ಚಿನಿಂದ ಬೆಲ್ಲ ಕಳಚಿದಾಗ ಗೊತ್ತಾಗುತ್ತದೆ. ಪ್ರಶ್ನೆಗೆ ಪೂರ್ಣ ಉತ್ತರ ಸಿಗಲೇಬೇಕೆಂದೇನೂ ಇಲ್ಲ, ಆದರೆ ಸಣ್ಣ ಪ್ರಶ್ನೆಗಂತೂ ಸಿಗಬೇಕು. ಅದನ್ನೂ ಕೊಡದಿದ್ದರೆ ನೋಡಿದವರಿಗೆ ಮೋಸವಾದಂತೆ ಅನಿಸುತ್ತದೆ.

ಪ್ರತಿ ಬ್ರೇಕಿನ ನಂತರ ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ವಿಷಯವನ್ನು ಮತ್ತೆ ನೆನಪಿಸಬೇಕು. ಹಿಂದಿನದನ್ನು ಹಾಗೆಯೇ ಮರಳಿ ಹೇಳಿದರೆ ಮೊದಲಿನಿಂದ ನೋಡುತ್ತಿರುವವರಿಗೆ ಬೇಸರ, ಹೇಳದಿದ್ದರೆ ಹೊಸಬರಿಗೆ ಕತ್ತಲೆ. ಹೊಸ ದೃಶ್ಯವೊಂದರ ಮೇಲೆ ಹಳೆಯ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಸೇರಿಸಿ ಮುಂದಕ್ಕೆ ಹೋಗುವುದು ಇದಕ್ಕೆ ನಾನು ಕಂಡುಕೊಂಡ ದಾರಿ: "ಕೆಲಸದವರು ಬಾರದೆ ಇದು ಮೂರನೆಯ ದಿನ, ಇಂದು ಒಲೆಗೆ ಉರಿ ಹಾಕಲು ಮಗನೇ ಕುಳಿತಿದ್ದಾನೆ."

ಚಿತ್ರೀಕರಿಸುವಾಗಲೇ ಸಂಕಲನ

ಕತ್ತರಿಸಲು ಬೇಕಾದ ತುಣುಕುಗಳು ಇಲ್ಲದಿದ್ದರೆ ಮೇಲಿನ ಯಾವ ರಚನೆಯೂ ನಿಲ್ಲುವುದಿಲ್ಲ. ಒಂದು ಕೆಲಸವನ್ನು, ಉದಾಹರಣೆಗೆ ಗಾಣಕ್ಕೆ ಕಬ್ಬು ಕೊಡುವುದನ್ನು, ಒಂದೇ ಕಡೆಯಿಂದ ಐದು ನಿಮಿಷ ತೆಗೆದರೆ ಸಂಕಲನದಲ್ಲಿ ಅದು ಒಂದೇ ಶಾಟ್. ಅದನ್ನೇ ಕೈಗಳ ಸಮೀಪನೋಟ, ಮುಖ, ಕೈ ಮುಖ ಎರಡೂ ಕಾಣುವ ಮಧ್ಯಮ ನೋಟ, ಭುಜದ ಹಿಂದಿನಿಂದ ಅವರು ನೋಡುತ್ತಿರುವುದು, ಇಡೀ ಗಾಣ ಕಾಣುವ ದೂರನೋಟ ಎಂದು ಐದು ಬಗೆಯಾಗಿ ತೆಗೆದರೆ ಐದು ನಿಮಿಷದ ಕೆಲಸವನ್ನು ಇಪ್ಪತ್ತು ಸೆಕೆಂಡಿಗೆ ಇಳಿಸಬಹುದು, ನೋಡುವವರಿಗೆ ಏನೂ ತಪ್ಪಿಹೋಯಿತೆನಿಸುವುದಿಲ್ಲ. ಪ್ರತಿ ಶಾಟನ್ನು ಕನಿಷ್ಠ ಹತ್ತು ಸೆಕೆಂಡು ಅಲ್ಲಾಡಿಸದೆ ಹಿಡಿಯಿರಿ. ಪಾಕದ ಹನಿ, ಮಡ್ಡಿ ತೆಗೆಯುವ ಜಾಲರಿ, ಒಲೆಗೆ ತಳ್ಳುವ ಒಣಗಿದ ಕಬ್ಬಿನ ಸಿಪ್ಪೆ, ಗೋಡೆಯ ಮೇಲಿನ ಮಸಿ ಹಿಡಿದ ಕ್ಯಾಲೆಂಡರ್ ಇಂಥವು ಮಾತಿನ ನಡುವಿನ ಹೊಲಿಗೆಯನ್ನು ಮುಚ್ಚುವ ತೇಪೆಗಳು. ಎಷ್ಟಿದ್ದರೂ ಸಾಲುವುದಿಲ್ಲ.

ನಮ್ಮಲ್ಲಿ ಟಿ.ವಿ. ಪ್ರಸಾರ ಸೆಕೆಂಡಿಗೆ 25 ಚೌಕಟ್ಟಿನ (ಫ್ರೇಮ್) ಲೆಕ್ಕದಲ್ಲಿ ನಡೆಯುತ್ತದೆ, ಮನೆಯ ಕರೆಂಟು 50 ಹರ್ಟ್ಸ್. ಕ್ಯಾಮೆರಾವನ್ನು 25ಕ್ಕೆ, ಷಟರನ್ನು ಸೆಕೆಂಡಿನ 1/50ಕ್ಕೆ ಇಟ್ಟರೆ ಆಲೆಮನೆಯ ಬಲ್ಬು, ಟ್ಯೂಬ್‌ಲೈಟುಗಳು ಸಾಮಾನ್ಯವಾಗಿ ಮಿಣುಕುವುದಿಲ್ಲ. ಮೊಬೈಲಿನಲ್ಲಿ 30 ಚೌಕಟ್ಟಿನಲ್ಲಿ ತೆಗೆದು ತಂದ ದೃಶ್ಯಗಳನ್ನು 25ಕ್ಕೆ ಇಳಿಸುವಾಗ ಚಲನೆ ಮುಗ್ಗರಿಸುವುದನ್ನು ಹೊಸಬರು ಗಮನಿಸುವುದೇ ಇಲ್ಲ, ಚಾನೆಲ್ಲಿನ ತಾಂತ್ರಿಕ ವಿಭಾಗ ಗಮನಿಸುತ್ತದೆ. ಕನ್ನಂಬಾಡಿ ಕಟ್ಟೆಯ ಆಸುಪಾಸಿನಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸಬೇಡಿ. ಬೇರೆ ಕಡೆಯೂ 2021ರ ಡ್ರೋನ್ ನಿಯಮಗಳ ಪ್ರಕಾರ ಆ ಜಾಗ ಹಸಿರು ವಲಯವೋ ಕೆಂಪು ವಲಯವೋ ಎಂದು ನಕ್ಷೆಯಲ್ಲಿ ನೋಡಿಕೊಂಡೇ ಮೇಲೆತ್ತಿ.

ಸದ್ದಿನ ವಿಷಯದಲ್ಲಿ ಜಿಪುಣತನ ಬೇಡ. ಗಾಣದ ಸದ್ದು, ಕುದಿಯುವ ಸದ್ದು, ಯಾವ ಯಂತ್ರವೂ ಓಡದಿದ್ದಾಗಿನ ಆಲೆಮನೆಯ ಮೌನ, ಪ್ರತಿಯೊಂದನ್ನೂ ಯಾರೂ ಮಾತಾಡದಂತೆ ಒಂದೊಂದು ನಿಮಿಷ ಬೇರೆಯಾಗಿ ದಾಖಲಿಸಿಕೊಳ್ಳಿ. ಇದನ್ನು ಮರೆತು ಬಂದು, ನಾಲ್ಕು ಸೆಕೆಂಡಿನ ಮೌನಕ್ಕಾಗಿ ಮೈಸೂರಿನಿಂದ ಮತ್ತೆ ನಲವತ್ತು ಕಿಲೋಮೀಟರು ಬೈಕಿನಲ್ಲಿ ಹೋದವನು ನಾನು.

ಮಾತನ್ನು ಹೊರತರುವುದು

ಸಂದರ್ಶನ ಮಾಡುವವರ ದನಿಯನ್ನು ಚಿತ್ರದಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ಹಾಗಾಗಿ ಉತ್ತರ ತಾನೇ ಪೂರ್ಣ ವಾಕ್ಯವಾಗಿರಬೇಕು. "ನಿಮ್ಮ ತಂದೆಯವರೂ ಇದೇ ಕೆಲಸ ಮಾಡುತ್ತಿದ್ದರೇ?" ಎಂದು ಕೇಳಿದರೆ ನಮ್ಮ ಕಡೆಯ ಹಿರಿಯರು "ಹೂಂ ಕಣಪ್ಪ" ಎಂದು ಸುಮ್ಮನಾಗುತ್ತಾರೆ, ಆ ಹೂಂ ಯಾವ ಕೆಲಸಕ್ಕೂ ಬಾರದು. "ಯಜಮಾನ್ರೇ, ಮೊದಲನೇ ಸಲ ಪಾಕ ನೋಡೋಕೆ ನಿಮ್ಮಪ್ಪ ನಿಮ್ಮನ್ನ ಬಿಟ್ಟ ದಿನ ಹೇಗಿತ್ತು?" ಎಂದರೆ ಕಥೆ ಬರುತ್ತದೆ. ಉತ್ತರ ಮುಗಿಯಿತು ಅನಿಸಿದ ಮೇಲೂ ಐದಾರು ಸೆಕೆಂಡು ಸುಮ್ಮನೆ ನೋಡುತ್ತ ಕುಳಿತಿರಿ. ಆ ಮೌನವನ್ನು ತುಂಬಲು ಅವರು ಆಡುವ ಮುಂದಿನ ಮಾತು ಬಹಳ ಸಲ ಮೊದಲಿನದಕ್ಕಿಂತ ಗಟ್ಟಿಯಾಗಿರುತ್ತದೆ. ಲೆನ್ಸಿನ ಪಕ್ಕದಲ್ಲೇ, ಅವರ ಕಣ್ಣಿನ ಎತ್ತರಕ್ಕೆ ನಿಮ್ಮ ಮುಖ ಇರಲಿ. ಜಗಲಿಯ ಮೇಲೆ ಕುಳಿತವರನ್ನು ನಿಂತುಕೊಂಡು ಪ್ರಶ್ನಿಸಿದರೆ ಚಿತ್ರದಲ್ಲಿ ಅವರು ತಲೆಯೆತ್ತಿ ಅಹವಾಲು ಹೇಳುವವರಂತೆ ಕಾಣುತ್ತಾರೆ.

ಕುಳಿತು ಆಡಿದ ಮಾತಿಗಿಂತ ಕೆಲಸದ ನಡುವೆ ಆಡಿದ ಮಾತು ಚೆನ್ನ, ಆದರೆ ಯಾವ ಕೆಲಸದ ನಡುವೆ ಎಂಬ ವಿವೇಚನೆ ಇರಬೇಕು. ಒಂದು ಸಲ ಪಾಕ ಹದಕ್ಕೆ ಬರುವ ಹೊತ್ತಿನಲ್ಲೇ ನಾನು ಪ್ರಶ್ನೆ ಹಾಕಿದೆ. ಹಿರಿಯರು ತಿರುಗಿಯೂ ನೋಡದೆ, "ಈಗ ಕೇಳ್ಬ್ಯಾಡಿ ಸ್ವಾಮಿ, ಕಣ್ಣು ಆಕಡೀಕಡೆ ಹೋದ್ರೆ ಬೆಲ್ಲ ಹೋಯ್ತದೆ" ಎಂದರು. ನಾಚಿಕೆಯಾಯಿತು, ಆದರೆ ಆ ಮಾತು ಇಡೀ ಚಿತ್ರದಲ್ಲೇ ಅತಿ ಒಳ್ಳೆಯ ಮಾತಾಗಿ ಉಳಿಯಿತು.

ಮತ್ತೊಮ್ಮೆ ಮಾಡಿ ತೋರಿಸಿ ಎನ್ನುವುದು

ಅದೇ ಚಿತ್ರೀಕರಣದಲ್ಲಿ ಒಂದು ಎಡವಟ್ಟೂ ಆಯಿತು. ಪಾಕವನ್ನು ಕೊಪ್ಪರಿಗೆಯಿಂದ ಇಳಿಸುವ ಕ್ಷಣದಲ್ಲಿ ಕ್ಯಾಮೆರಾದ ಬ್ಯಾಟರಿ ಮುಗಿದುಹೋಯಿತು. ಮುಂದಿನ ಕೊಪ್ಪರಿಗೆಯಲ್ಲಿ ಅದೇ ದೃಶ್ಯ ತೆಗೆಯೋಣ, ಮೊದಲಿನಂತೆಯೇ ನಿಂತುಕೊಳ್ಳಿ ಎಂದು ಕೇಳಿಕೊಂಡೆ. ಅವರು ಪಾಪ ನಿಂತರು. ಆದರೆ ಕೈ ಸೌಟಿನ ಮೇಲಿದ್ದರೂ ಗಮನ ನನ್ನ ಮೇಲಿತ್ತು, ನೀರಿನಲ್ಲಿ ಹನಿ ನೋಡುವಾಗ ಕ್ಯಾಮೆರಾದ ಕಡೆಗೊಮ್ಮೆ ಕಣ್ಣು ಹಾಯಿತು, ಆ ಒಂದು ನೋಟದಿಂದ ಇಡೀ ದೃಶ್ಯ ನಾಟಕವಾಯಿತು. ಕೊನೆಗೆ ಅದನ್ನು ಬಿಟ್ಟು, ತಪ್ಪಿಹೋದ ಕ್ಷಣವನ್ನು ಮಗನ ಮುಖದ ಸಮೀಪನೋಟದ ಮೇಲೆ ಬರೀ ಸದ್ದಿನಲ್ಲಿ ಹೇಳಿದೆವು. ಅದೇ ಹೆಚ್ಚು ಚೆನ್ನಾಗಿ ಕೂತಿತು.

ಪುನರ್‌ಸೃಷ್ಟಿಯ ಪ್ರಶ್ನೆ ಈ ಪ್ರಕಾರದಷ್ಟೇ ಹಳೆಯದು. ಕೆನಡಾದ ಹಿಮಪ್ರದೇಶದ ಇನ್ಯೂಟ್ ಜನರ ಬಗ್ಗೆ ಮಾಡಿದ, 1922ರಲ್ಲಿ ತೆರೆಕಂಡ ರಾಬರ್ಟ್ ಫ್ಲಾಹರ್ಟಿಯ ನಾನೂಕ್ ಆಫ್ ದ ನಾರ್ತ್ ಸಾಕ್ಷ್ಯಚಿತ್ರದಲ್ಲಿ ಹಿಮದ ಮನೆಯೊಳಗಿನ ದೃಶ್ಯಕ್ಕೆ ಬೆಳಕು ಸಾಲದೆ, ಒಂದು ಪಕ್ಕ ತೆರೆದ ಮನೆಯನ್ನೇ ಕಟ್ಟಿಸಲಾಗಿತ್ತು; ಆ ಹೊತ್ತಿಗಾಗಲೇ ಬಂದೂಕು ಬಳಸುತ್ತಿದ್ದ ಜನರಿಂದ ಹಳೆಯ ಕಾಲದಂತೆ ಈಟಿಯಲ್ಲಿ ಬೇಟೆ ಆಡಿಸಲಾಗಿತ್ತು. ಮೊದಲನೆಯದು ಕ್ಯಾಮೆರಾದ ಮಿತಿಗೆ ಹುಡುಕಿಕೊಂಡ ಉಪಾಯ, ಎರಡನೆಯದು ಜನರ ಬದುಕಿನ ಬಗ್ಗೆಯೇ ಹೇಳಿದ ಸುಳ್ಳು ಎಂದು ನಾನು ಬೇರೆ ಮಾಡಿ ನೋಡುತ್ತೇನೆ. ದಿನವೂ ಮಾಡುವ ಕೆಲಸವನ್ನು, "ಇನ್ನೊಂದು ಸಲ ಬಾಗಿಲು ತೆಗೆದು ಬನ್ನಿ" ಎಂಬಷ್ಟನ್ನು, ಕೇಳಬಹುದು. ಎತ್ತಿನ ಗಾಣ ಬಿಟ್ಟು ಎಷ್ಟೋ ವರ್ಷವಾದ ಆಲೆಮನೆಗೆ ಚಂದ ಕಾಣಲೆಂದು ಎತ್ತು ತಂದು ಕಟ್ಟಿಸುವುದು ಬೇಡ. ಗತಕಾಲವನ್ನು ನಟರಿಂದ ಆಡಿಸಿ ತೋರಿಸಲೇಬೇಕಾದರೆ ಪರದೆಯ ಮೇಲೆ "ಮರುಚಿತ್ರಣ" ಎಂದು ಬರೆಯಿರಿ.

ಚೀಟಿಗಳ ಮೇಲೆ ಜೋಡಣೆ

ಅರ್ಧ ಗಂಟೆಯ ಚಿತ್ರಕ್ಕೆ ಆರೇಳು ಗಂಟೆಯಷ್ಟು ದೃಶ್ಯ ಸಂಗ್ರಹವಾಗುವುದು ಸಾಮಾನ್ಯ. ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡು ನೇರವಾಗಿ ಕತ್ತರಿಸಲು ಕೂತರೆ ಎರಡೇ ದಿನದಲ್ಲಿ ತಲೆ ಕೆಡುತ್ತದೆ. ಮೊದಲು ಎಲ್ಲ ಮಾತುಗಳನ್ನೂ ಟೈಮ್‌ಕೋಡ್ (ದೃಶ್ಯದ ನಿಮಿಷ-ಸೆಕೆಂಡಿನ ಗುರುತು) ಸಹಿತ ಬರಹಕ್ಕೆ ಇಳಿಸಿಕೊಳ್ಳಿ, ಆಡುನುಡಿಯನ್ನು ತಿದ್ದದೆ. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ. ಬೇಕೆನಿಸಿದ ಪ್ರತಿ ಮಾತಿಗೂ ಪ್ರತಿ ದೃಶ್ಯಕ್ಕೂ ಒಂದೊಂದು ಚೀಟಿ ಮಾಡಿ. ಮಾತಿಗೊಂದು ಬಣ್ಣ, ಕೆಲಸದ ದೃಶ್ಯಕ್ಕೊಂದು, ಹಿನ್ನೆಲೆಯ ಮಾಹಿತಿಗೊಂದು. ಫ್ಯಾನು ಆರಿಸಿ ಹಾಲಿನ ನೆಲದ ಮೇಲೆ ಮೂರು ಸಾಲಾಗಿ, ಅಂದರೆ ಮೂರು ಭಾಗವಾಗಿ, ಹರಡಿ ನೋಡಿ. ಒಂದೇ ಬಣ್ಣದ ನಾಲ್ಕು ಚೀಟಿ ಒಟ್ಟಿಗೆ ಬಂದಿದ್ದರೆ ಅಲ್ಲಿ ಚಿತ್ರ ಜಡವಾಗಿದೆ ಎಂದು ಓದದೆಯೇ ಗೊತ್ತಾಗುತ್ತದೆ.

ಚೀಟಿಗಳನ್ನು ಜೋಡಿಸುವಾಗ ಪಕ್ಕಪಕ್ಕದ ಎರಡು ಚೀಟಿಗಳ ನಡುವೆ "ಆದ್ದರಿಂದ" ಎಂದಾಗಲಿ "ಆದರೆ" ಎಂದಾಗಲಿ ಹೇಳಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಬೆಲೆ ಬಿತ್ತು, ಆದ್ದರಿಂದ ಕೂಲಿ ಕಡಿಮೆಯಾಯಿತು. ಕೆಲಸದವರು ಬರಲಿಲ್ಲ, ಆದರೆ ಕಬ್ಬು ಕಡಿದಾಗಿದೆ. "ಮತ್ತೆ" ಎಂದಷ್ಟೇ ಹೇಳಬಹುದಾದರೆ ಆ ಎರಡು ದೃಶ್ಯಗಳು ಪಕ್ಕದಲ್ಲಿ ಕುಳಿತಿವೆಯೇ ಹೊರತು ಕೂಡಿಕೊಂಡಿಲ್ಲ. ನನಗೆ ತಿಳಿದಂತೆ ಇಡೀ ರಚನೆಯ ಕಸುಬಿನಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪರೀಕ್ಷೆ ಮತ್ತೊಂದಿಲ್ಲ.

ಬಳಿಕ ಎರಡು ಅಂಕಣದ ಸ್ಕ್ರಿಪ್ಟ್ ಬರೆಯಬೇಕು. ಎಡಗಡೆ ಕಾಣುವುದು, ಬಲಗಡೆ ಕೇಳುವುದು. ಬಲಗಡೆಯ ಅಂಕಣ ತುಂಬಿ ಎಡಗಡೆ ಖಾಲಿಯಿದ್ದರೆ ನೀವು ಬರೆಯುತ್ತಿರುವುದು ರೇಡಿಯೋ ಕಾರ್ಯಕ್ರಮ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿ ಎಂಬ ರೇಡಿಯೋ ಕೇಂದ್ರವನ್ನು ಶುರುಮಾಡಿದ ಊರು ನಮ್ಮ ಮೈಸೂರು, ರೇಡಿಯೋ ಮೇಲೆ ನನಗೂ ಅಪಾರ ಪ್ರೀತಿಯಿದೆ. ಆದರೂ ಟಿ.ವಿ.ಗೆ ಬರೆಯುವಾಗ ಎಡಗಡೆಯ ಅಂಕಣವನ್ನೇ ಮೊದಲು ತುಂಬಬೇಕು.

ನಿರೂಪಣೆಯ ಕನ್ನಡ

ನಿರೂಪಣೆಯೇ ಇಲ್ಲದೆ ಜನರ ಮಾತು ಮತ್ತು ದೃಶ್ಯಗಳಲ್ಲೇ ಚಿತ್ರ ಕಟ್ಟಬಹುದು, ನಿರೂಪಕರೇ ಪರದೆಯ ಮೇಲೆ ಬಂದು ಜನರ ನಡುವೆ ಓಡಾಡುತ್ತ ಹೇಳಬಹುದು, ಅಥವಾ ಕಾಣದ ದನಿಯೊಂದು ಹೇಳಬಹುದು. ನಮ್ಮ ಚಾನೆಲ್ಲುಗಳು ಹೆಚ್ಚಾಗಿ ಕೇಳುವುದು ಮೂರನೆಯದನ್ನು, ಏಕೆಂದರೆ ನಡುವೆ ಬಂದು ಸೇರುವ ವೀಕ್ಷಕರನ್ನು ಕೈಹಿಡಿದು ಕರೆತರಲು ಅದು ಅನುಕೂಲ. ಅದರ ಅಪಾಯವೂ ಅಲ್ಲೇ ಇದೆ.

ಕಾಣುತ್ತಿರುವುದನ್ನೇ ಹೇಳಬೇಡಿ. ಪರದೆಯ ಮೇಲೆ ರಸ ಕುದಿಯುತ್ತಿರುವಾಗ "ಕೊಪ್ಪರಿಗೆಯಲ್ಲಿ ಕಬ್ಬಿನ ರಸ ಕುದಿಯುತ್ತಿದೆ" ಎಂದು ಹೇಳುವುದು ಕುರುಡರಿಗೆ ದಾರಿ ತೋರಿಸಿದಂತೆ, ನೋಡುವವರಿಗೆ ಕಿರಿಕಿರಿ. ಅದೇ ದೃಶ್ಯದ ಮೇಲೆ "ಉರಿ ಸ್ವಲ್ಪ ಹೆಚ್ಚಾದರೆ ಬೆಲ್ಲ ಕಪ್ಪಗಾಗುತ್ತದೆ, ಬೇಗ ಇಳಿಸಿದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ" ಎಂದರೆ ನೋಡುವವರು ಆ ಕುದಿತವನ್ನು ಬೇರೆ ಕಣ್ಣಿನಿಂದ ನೋಡತೊಡಗುತ್ತಾರೆ. ಕಾಣದ್ದನ್ನು ಹೇಳಿ ಕಾಣುವುದಕ್ಕೆ ತೂಕ ಕೊಡುವುದು ನಿರೂಪಣೆಯ ಕೆಲಸ.

ಅಂಕಿ ಅಂಶಗಳನ್ನು ಉಸಿರಿಗೊಂದರಂತೆ ಮಾತ್ರ ಕೊಡಿ. ಒಂದು ಟನ್ ಕಬ್ಬಿನಿಂದ ಸುಮಾರು ನೂರು ಕಿಲೋ ಬೆಲ್ಲ ಬರುತ್ತದೆ ಎಂಬ ಮಾತು ತಲೆಯಲ್ಲಿ ಉಳಿಯುತ್ತದೆ. ಅದರ ಬೆನ್ನಿಗೇ ಎಕರೆಗೆ ಇಷ್ಟು ಟನ್, ಜಿಲ್ಲೆಯಲ್ಲಿ ಇಷ್ಟು ಎಕರೆ ಎಂದು ಪೇರಿಸಿದರೆ ಮೊದಲಿನದೂ ಹೋಗುತ್ತದೆ. ವಾಕ್ಯದ ವೇಗವನ್ನೂ ಲೆಕ್ಕ ಹಾಕಿ. ವಿಭಕ್ತಿ ಪ್ರತ್ಯಯಗಳೆಲ್ಲ ಸೇರಿಕೊಂಡು ಕನ್ನಡದ ಪದಗಳು ಉದ್ದವಾಗುವುದರಿಂದ ನಿಮಿಷಕ್ಕೆ ನೂರು ಪದ ದಾಟಿದರೆ ದನಿ ಓಡಲು ಶುರುಮಾಡುತ್ತದೆ ಎಂಬುದು ನನ್ನ ಅನುಭವ. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ; ನಾಲಿಗೆ ತೊಡರಿದ ಕಡೆಯಲ್ಲೆಲ್ಲ ವಾಕ್ಯವನ್ನು ಮುರಿಯಿರಿ. "ಪ್ರಪ್ರಥಮವಾಗಿ", "ಅವಿನಾಭಾವ ಸಂಬಂಧ", "ಸಾಂಸ್ಕೃತಿಕ ಪರಂಪರೆಯ ಪ್ರತೀಕ" ಇವು ಬಂದ ಕೂಡಲೇ ಹೊಡೆದುಹಾಕಿ. ಮಂಡ್ಯದವರ ಆಡುಮಾತನ್ನು ಹಾಗೆಯೇ ಉಳಿಸಿಕೊಂಡು ಅದರ ಪಕ್ಕದಲ್ಲಿ ತಿಳಿಯಾದ ಬರಹದ ಕನ್ನಡದ ನಿರೂಪಣೆ ಇಟ್ಟರೆ ಎರಡೂ ಒಂದನ್ನೊಂದು ಬೆಳಗುತ್ತವೆ. ಅವರ ಮಾತಿಗೆ ಕನ್ನಡದಲ್ಲೇ ಅಡಿಬರಹ ಹಾಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಸದ್ದಿನಿಂದ ಮಾತು ಕೇಳದ ಕಡೆ ಮಾತ್ರ ಹಾಕಿ.

ಸಂಗೀತದ ಬಗ್ಗೆ ಹೇಳುವುದು ಕಡಿಮೆ. ಕೊಳಲು ಬೇಡ. ಹಳ್ಳಿ ಎಂದರೆ ಕೊಳಲು ಎಂದು ಯಾರು ತೀರ್ಮಾನಿಸಿದರೋ ಗೊತ್ತಿಲ್ಲ.

ಕಡೆಯ ಹಂತ

ಮೊದಲ ಒರಟು ಜೋಡಣೆ, ಅಂದರೆ ರಫ್ ಕಟ್, ಮೂವತ್ತೈದು ನಿಮಿಷ ಬಂದರೆ ಗಾಬರಿಯಾಗಬೇಡಿ, ಹೆಚ್ಚುಕಡಿಮೆ ಎಲ್ಲರಿಗೂ ಹಾಗೆಯೇ ಬರುತ್ತದೆ. ಪ್ರತಿ ದೃಶ್ಯದಿಂದಲೂ ಎರಡೆರಡು ಸೆಕೆಂಡು ಕೊಯ್ಯುವುದರ ಬದಲು, ಮುಖ್ಯ ಪ್ರಶ್ನೆಗೆ ಸಂಬಂಧಪಡದ ಒಂದು ಇಡೀ ದೃಶ್ಯವನ್ನೇ ತೆಗೆಯುವ ಧೈರ್ಯ ಮಾಡಿ. ಅದು ಬಹಳ ಸಲ ನಿಮಗೆ ಅತ್ಯಂತ ಇಷ್ಟವಾದ ದೃಶ್ಯವೇ ಆಗಿರುತ್ತದೆ. ಚಿತ್ರದ ಉದ್ದ ಖಚಿತವಾಗಿ ಪಿಕ್ಚರ್ ಲಾಕ್ ಆದ ನಂತರವೇ ನಿರೂಪಣೆಯ ದನಿಯನ್ನು ಕೊನೆಯದಾಗಿ ಧ್ವನಿಮುದ್ರಿಸಿ; ಅದಕ್ಕಿಂತ ಮೊದಲು ನಿಮ್ಮದೇ ದನಿಯಲ್ಲಿ ತಾತ್ಕಾಲಿಕವಾಗಿ ಓದಿ ಇಟ್ಟುಕೊಂಡಿದ್ದರೆ ಸಾಕು.

ಮಾತಾಡುವವರ ಹೆಸರು ತೋರಿಸಲು ಪರದೆಯ ಕೆಳಗೆ ಬರುವ ಪಟ್ಟಿಯಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ತೊಂದರೆ ಇದೆ. ನಮ್ಮ ಒತ್ತಕ್ಷರಗಳು ಗೆರೆಯ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆಂದು ಮಾಡಿದ ಪಟ್ಟಿಯಲ್ಲಿ ಅವುಗಳ ಬುಡ ಕತ್ತರಿಸಿಹೋಗುತ್ತದೆ, ಪುಟ್ಟಸ್ವಾಮಿ ಎಂಬ ಹೆಸರು ಪರದೆಯ ಮೇಲೆ ಪುಟಸಾಮಿಯಾಗುತ್ತದೆ. ಪಟ್ಟಿಯ ಎತ್ತರ ಹೆಚ್ಚಿಸಿ, ಅಂಚಿನಿಂದ ಹತ್ತನೆಯ ಒಂದು ಭಾಗ ಒಳಗಿಡಿ. ಕೆಲವು ಸಂಕಲನ ತಂತ್ರಾಂಶಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಸೆಟ್ಟಿಂಗ್ಸಿನಲ್ಲಿ ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ, ಅದನ್ನೂ ನೋಡಿಕೊಳ್ಳಿ. ಹೆಸರನ್ನು ಹೇಗೆ ಬರೆಯಬೇಕೆಂದು ಅವರ ಕೈಯಲ್ಲೇ ನಿಮ್ಮ ಪುಸ್ತಕದಲ್ಲಿ ಬರೆಸಿಕೊಂಡಿದ್ದರೆ ಇನ್ನೂ ಒಳ್ಳೆಯದು, ಚಿತ್ರೀಕರಣಕ್ಕೆ ಒಪ್ಪಿಗೆಯ ಸಹಿ ಪಡೆಯುವಾಗಲೇ ಆ ಕೆಲಸವೂ ಆಗುತ್ತದೆ.

ಸದ್ದಿನ ಮಟ್ಟವನ್ನು ಚಾನೆಲ್ಲು ಸೂಚಿಸಿದ ಅಳತೆಗೆ ತಂದು, ಮಾತು ಸದ್ದುಗಳನ್ನು ಬೆರೆಸುವ ಮಿಕ್ಸ್ ಮುಗಿಸಿದ ಮೇಲೆ ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಯಾವುದಾದರೂ ಸಾಮಾನ್ಯ ಮನೆಯ ಟಿ.ವಿ.ಯಲ್ಲಿ, ಸಂಜೆಯ ಹೊತ್ತು, ಫ್ಯಾನು ಹಾಕಿ, ಅಡುಗೆಮನೆಯ ಬಾಗಿಲು ತೆರೆದಿಟ್ಟು, ಚಿತ್ರದ ಬಗ್ಗೆ ಏನೂ ಗೊತ್ತಿಲ್ಲದ ಇಬ್ಬರನ್ನು ಕೂರಿಸಿ ನೋಡಿ. ನೀವು ಪರದೆಯನ್ನು ನೋಡದೆ ಅವರ ಮುಖ ನೋಡುತ್ತಿರಿ. ಅವರು ಮೊಬೈಲ್ ಎತ್ತಿಕೊಂಡ ನಿಮಿಷವನ್ನೂ, "ಏನಂದ್ರು?" ಎಂದು ಪಕ್ಕದವರನ್ನು ಕೇಳಿದ ನಿಮಿಷವನ್ನೂ ಬರೆದುಕೊಳ್ಳಿ. ಮೊದಲನೆಯದು ಸಂಕಲನದ ಮೇಜಿಗೆ ವಾಪಸು ಹೋಗಬೇಕಾದದ್ದು, ಎರಡನೆಯದು ಮಿಕ್ಸಿಂಗಿಗೆ.